ಓದುಗರ ಪ್ರಶ್ನೆ: ಥಂಡರ್‌ಬರ್ಡ್‌ನಲ್ಲಿ ಕಾಣದಾದ ಮೇಲ್‌ಗಳು ಎಲ್ಲಿರುತ್ತವೆ?

ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಬಳಸುವ ಥಂಡರ್‌ಬರ್ಡ್ ಇಮೇಲ್ ತಂತ್ರಾಂಶದ ಬಗ್ಗೆ ಬಂದಿರುವ ಪ್ರಶ್ನೆಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಸಹಕಾರ ಸಂಘದ ಕಚೇರಿಯಲ್ಲಿ ಹಲವು ವರ್ಷಗಳಿಂದ ಥಂಡರ್‌ಬರ್ಡ್ ಬಳಸುತ್ತಿದ್ದೇವೆ. ಈಚೆಗೆ ಕರೆಂಟು ಹೋಗಿ ಕಂಪ್ಯೂಟರ್ ಆರಿಹೋಯಿತು. ಆಮೇಲೆ ಇನ್‌ಬಾಕ್ಸ್‌ನಲ್ಲಿ ಒಂದು ಮೇಲ್ ಒತ್ತಿದರೆ ಇನ್ನೊಂದು ತೆರೆದುಕೊಳ್ಳುತ್ತದೆ, ಕೆಲವು ಖಾಲಿ ಕಾಣುತ್ತವೆ. ತಂತ್ರಾಂಶವನ್ನು ತೆಗೆದು ಹೊಸದಾಗಿ ಹಾಕಿದರೆ ಸರಿಹೋಗುವುದೇ?
— ಕಾರ್ಯದರ್ಶಿಗಳು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ದಯವಿಟ್ಟು ತೆಗೆಯಬೇಡಿ. ನಿಮ್ಮ ಮೇಲ್‌ಗಳು ಇರುವುದು ತಂತ್ರಾಂಶದೊಳಗಲ್ಲ, ಪ್ರೊಫೈಲ್ ಎಂಬ ಬೇರೆ ಫೋಲ್ಡರಿನಲ್ಲಿ. ತಂತ್ರಾಂಶವನ್ನು ಎಷ್ಟು ಸಲ ತೆಗೆದು ಹಾಕಿದರೂ ಆ ಫೋಲ್ಡರ್ ಹಾಗೆಯೇ ಉಳಿಯುತ್ತದೆ, ಅದರೊಳಗಿನ ದೋಷವೂ ಹಾಗೆಯೇ ಉಳಿಯುತ್ತದೆ. ಅಷ್ಟೇ ಅಲ್ಲ, ಹೊಸದಾಗಿ ಹಾಕಿದಾಗ ಥಂಡರ್‌ಬರ್ಡ್ ಕೆಲವೊಮ್ಮೆ ಖಾಲಿ ಪ್ರೊಫೈಲೊಂದನ್ನು ತೆರೆದುಕೊಂಡು ಕೂರುವುದರಿಂದ, ಹಳೆಯದೆಲ್ಲ ಡಿಸ್ಕಿನಲ್ಲಿ ಸುರಕ್ಷಿತವಾಗಿದ್ದರೂ ಪೂರ್ತಿ ಅಳಿಸಿಹೋಯಿತೆಂದು ಜನ ಗಾಬರಿಯಾಗುತ್ತಾರೆ.

ಮೊದಲು ಮಾಡಬೇಕಾದದ್ದು ನಕಲು. ಹೆಲ್ಪ್ ಮೆನುವಿನ ಟ್ರಬಲ್‌ಶೂಟಿಂಗ್ ಇನ್‌ಫರ್ಮೇಶನ್ ಪುಟದಲ್ಲಿ ಪ್ರೊಫೈಲ್ ಫೋಲ್ಡರಿನ ಮುಂದೆ ಓಪನ್ ಫೋಲ್ಡರ್ ಎಂಬ ಗುಂಡಿ ಇರುತ್ತದೆ. ಅದನ್ನು ಒತ್ತಿ ಜಾಗ ಗುರುತಿಸಿಕೊಳ್ಳಿ, ಥಂಡರ್‌ಬರ್ಡನ್ನು ಮುಚ್ಚಿ, ಆ ಫೋಲ್ಡರನ್ನು ಇಡಿಯಾಗಿ ಹೊರಗಿನ ಡಿಸ್ಕಿಗೆ ನಕಲಿಸಿ. ಫ್ಯಾಟ್32 ಮಾದರಿಯ ಪೆನ್ ಡ್ರೈವ್ 4 ಜಿಬಿಗಿಂತ ದೊಡ್ಡ ಕಡತವನ್ನು ಹಿಡಿಸಿಕೊಳ್ಳುವುದಿಲ್ಲ. ವರ್ಷಗಟ್ಟಲೆ ತುಂಬಿದ ಇನ್‌ಬಾಕ್ಸ್ ಆ ಗಾತ್ರ ದಾಟಿರುವುದು ಅಪರೂಪವೇನಲ್ಲ. ಹಾಗಾಗಿ ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್ ಮಾದರಿಯ ಡಿಸ್ಕನ್ನೇ ಬಳಸಿ.

ನಕಲಿಸಿದ ಮೇಲೆ ಅದರೊಳಗೆ ಒಮ್ಮೆ ಇಣುಕಿ ನೋಡಿ. ಇನ್‌ಬಾಕ್ಸ್ ಎಂಬ ಹೆಸರಿನ, ಚುಕ್ಕೆಯ ಮುಂದೆ ಬಾಲವಿಲ್ಲದ ದೊಡ್ಡ ಕಡತವೊಂದು, ಅದರ ಪಕ್ಕದಲ್ಲೇ ಅದೇ ಹೆಸರಿನ, ಎಂಎಸ್‌ಎಫ್ ಎಂದು ಕೊನೆಯಾಗುವ ಚಿಕ್ಕ ಕಡತವೊಂದು ಇರುತ್ತದೆ. ಮೊದಲನೆಯದರಲ್ಲಿ ಬಂದ ಮೇಲ್‌ಗಳೆಲ್ಲ ಒಂದರ ಹಿಂದೆ ಒಂದರಂತೆ ಪೋಣಿಸಿಕೊಂಡಿರುತ್ತವೆ. ಎರಡನೆಯದು ಸಂಘದ ಲೆಡ್ಜರಿನ ಮೊದಲ ಪುಟದ ಸೂಚಿ ಇದ್ದಂತೆ: ಯಾವ ಮೇಲ್ ಎಲ್ಲಿ ಆರಂಭವಾಗುತ್ತದೆ ಎಂಬುದನ್ನಷ್ಟೇ ಹೇಳುತ್ತದೆ. ನೀವು ಹೇಳುವ ಲಕ್ಷಣಗಳನ್ನು ನೋಡಿದರೆ ಕರೆಂಟು ಹೋದಾಗ ಕೆಟ್ಟಿರುವುದು ಈ ಸೂಚಿಯೇ ಇರಬೇಕು. ದೊಡ್ಡ ಕಡತದ ಗಾತ್ರ ಮೊದಲಿನಷ್ಟೇ ಇದ್ದರೆ ಮೇಲ್‌ಗಳು ಉಳಿದಿವೆ ಎಂದು ಬಹುಮಟ್ಟಿಗೆ ನಂಬಬಹುದು. ಈಗ ಥಂಡರ್‌ಬರ್ಡ್ ತೆರೆದು, ಇನ್‌ಬಾಕ್ಸ್ ಮೇಲೆ ಬಲ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ನಲ್ಲಿ ರಿಪೇರ್ ಫೋಲ್ಡರ್ ಒತ್ತಿ. ಹಳೆಯ ಸೂಚಿಯನ್ನು ಬಿಟ್ಟು, ಮೇಲ್‌ಗಳನ್ನು ಮೊದಲಿಂದ ಓದಿ ಹೊಸ ಸೂಚಿ ಕಟ್ಟುತ್ತದೆ. ಕಡತ ದೊಡ್ಡದಾದಷ್ಟೂ ಸಮಯ ಹಿಡಿಯುತ್ತದೆ, ನಡುವೆ ನಿಲ್ಲಿಸಬೇಡಿ.

ಇನ್ನೊಂದು ವಿಷಯವನ್ನು ನೀವು ಖಚಿತಪಡಿಸಿಕೊಳ್ಳಲೇಬೇಕು. ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ನಿಮ್ಮ ಖಾತೆ ಐಮ್ಯಾಪ್ ಎಂದಿದ್ದರೆ ಮೂಲ ಪ್ರತಿ ಸರ್ವರಿನಲ್ಲಿದೆ, ಇಲ್ಲಿ ಕೆಟ್ಟದ್ದನ್ನು ಮತ್ತೆ ಇಳಿಸಿಕೊಳ್ಳಬಹುದು. ಪಾಪ್ ಎಂದಿದ್ದು, ಮೇಲ್‌ಗಳನ್ನು ಸರ್ವರಿನಲ್ಲೂ ಉಳಿಸುವ ಆಯ್ಕೆಗೆ ಗುರುತು ಹಾಕಿರದಿದ್ದರೆ, ಲೋಕದಲ್ಲಿರುವ ಒಂದೇ ಪ್ರತಿ ನಿಮ್ಮ ಮೇಜಿನ ಮೇಲಿನ ಆ ಕಂಪ್ಯೂಟರಿನಲ್ಲಿದೆ. ಸದಸ್ಯರ ಪತ್ರವ್ಯವಹಾರವಿರುವ ಕಚೇರಿ ಹೀಗೆ ಇರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅಳಿಸಿದ ಮೇಲ್ ಆ ದೊಡ್ಡ ಕಡತದಿಂದ ಕೂಡಲೇ ಹೋಗುವುದಿಲ್ಲ, ಅಳಿಸಲಾಗಿದೆ ಎಂಬ ಗುರುತು ಮಾತ್ರ ಬೀಳುತ್ತದೆ. ಕಾಂಪ್ಯಾಕ್ಟ್ ಎಂಬ ಕ್ರಿಯೆ ನಡೆದಾಗಲೇ ಜಾಗ ತೆರವಾಗುವುದು. ಆದುದರಿಂದ ಮುಖ್ಯವಾದ ಮೇಲ್ ಕೈತಪ್ಪಿ ಅಳಿಸಿಹೋದ ದಿನ ಕಾಂಪ್ಯಾಕ್ಟ್ ಮಾಡದಿರುವುದೇ ಜಾಣತನ. ಉಳಿದಂತೆ ಆಗಾಗ್ಗೆ ಮಾಡುತ್ತಿರಿ. ಹಳೆಯ ಮೇಲ್‌ಗಳನ್ನು ವರ್ಷವಾರು ಫೋಲ್ಡರುಗಳಿಗೆ ಸಾಗಿಸಿ. ಆಂಟಿವೈರಸ್ ತಂತ್ರಾಂಶಕ್ಕೆ ಪ್ರೊಫೈಲ್ ಫೋಲ್ಡರನ್ನು ಮುಟ್ಟದಂತೆ ವಿನಾಯಿತಿ ಕೊಡಿ. ಎಲ್ಲ ಮೇಲ್‌ಗಳೂ ಒಂದೇ ಕಡತದಲ್ಲಿರುವುದರಿಂದ, ಸೋಂಕಿರುವ ಒಂದು ಮೇಲ್‌ಗಾಗಿ ಇಡೀ ಇನ್‌ಬಾಕ್ಸನ್ನೇ ಅದು ಎತ್ತಿಡುವ ಅಪಾಯವಿದೆ.

ಪ್ರಶ್ನೆ: ಬ್ರೌಸರಿನಲ್ಲಿ ಜಿಮೇಲ್ ತೆರೆಯುವ ಅದೇ ಪಾಸ್‌ವರ್ಡನ್ನು ಥಂಡರ್‌ಬರ್ಡ್ ತಪ್ಪು ಎನ್ನುತ್ತಿದೆ. ಏಕೆ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಪಾಸ್‌ವರ್ಡ್ ಸರಿಯಾಗಿಯೇ ಇದೆ, ಅದನ್ನು ಒಪ್ಪಿಸುವ ಕ್ರಮ ಹಳೆಯದಾಗಿದೆ. ಖಾತೆಯ ಪಾಸ್‌ವರ್ಡನ್ನು ಹೊರಗಿನ ತಂತ್ರಾಂಶದಿಂದ ನೇರವಾಗಿ ಸ್ವೀಕರಿಸುವುದನ್ನು ಗೂಗಲ್ ವೈಯಕ್ತಿಕ ಖಾತೆಗಳಿಗೆ 2022ರ ಮೇ 30ರಿಂದ ನಿಲ್ಲಿಸಲು ತೊಡಗಿತು. ಮೈಕ್ರೋಸಾಫ್ಟ್ ಕೂಡ ತನ್ನ ವೈಯಕ್ತಿಕ ಔಟ್‌ಲುಕ್ ಖಾತೆಗಳಿಗೆ 2024ರ ಸೆಪ್ಟೆಂಬರಿನಲ್ಲಿ ಇದೇ ಕ್ರಮ ಕೈಗೊಂಡಿತು. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ಅಥೆಂಟಿಕೇಶನ್ ಮೆಥಡ್ ಎಂಬಲ್ಲಿ ಓಆತ್2 (ಮೇಲ್ ಸೇವೆಯದೇ ಕಿಟಕಿಯಲ್ಲಿ ಲಾಗಿನ್ ಆಗುವ ಹೊಸ ಕ್ರಮ) ಆರಿಸಿ. ಮೇಲ್ ಕಳುಹಿಸುವ ಸರ್ವರಿಗೂ ಇದನ್ನೇ ಪ್ರತ್ಯೇಕವಾಗಿ ಮಾಡಬೇಕು, ಬಹಳ ಜನ ಮರೆಯುವುದು ಅದನ್ನೇ. ಉಳಿಸಿಟ್ಟ ಹಳೆಯ ಪಾಸ್‌ವರ್ಡನ್ನು ಅಳಿಸಿ, ಥಂಡರ್‌ಬರ್ಡಿನ ಪ್ರೈವಸಿ ವಿಭಾಗದಲ್ಲಿ ಕುಕೀಗಳಿಗೆ ಅನುಮತಿ ಇದೆಯೇ ನೋಡಿ. ಆಮೇಲೆ ತೆರೆಯುವ ಗೂಗಲ್ ಕಿಟಕಿಯಲ್ಲಿ ಲಾಗಿನ್ ಆಗಿ ಒಪ್ಪಿಗೆ ಕೊಟ್ಟರೆ ಕೆಲಸ ಮುಗಿಯಿತು.

ಪ್ರಶ್ನೆ: ಮೇಲ್ ಬರುತ್ತದೆ, ಆದರೆ ಹೋಗುವುದಿಲ್ಲ. ಅದರಲ್ಲೂ ಫೋಟೋ ಸೇರಿಸಿದರೆ ಖಂಡಿತ ಹೋಗುವುದಿಲ್ಲ.
— ಓದುಗರು, ಮಂಗಳೂರು

ಉತ್ತರ: ಬರುವ ದಾರಿ ಬೇರೆ, ಹೋಗುವ ದಾರಿ ಬೇರೆ. ಔಟ್‌ಗೋಯಿಂಗ್ ಸರ್ವರಿನಲ್ಲಿ ಪೋರ್ಟ್ (ಸಂಪರ್ಕದ ಬಾಗಿಲಿನ ಸಂಖ್ಯೆ) 25 ಎಂದಿದ್ದರೆ ಬದಲಿಸಿ, ಅನೇಕ ಇಂಟರ್ನೆಟ್ ಸಂಸ್ಥೆಗಳು ಅದನ್ನು ಮುಚ್ಚಿರುತ್ತವೆ. ಸ್ಟಾರ್ಟ್‌ಟಿಎಲ್‌ಎಸ್‌ನೊಂದಿಗೆ 587 ಅಥವಾ ಎಸ್‌ಎಸ್‌ಎಲ್‌ನೊಂದಿಗೆ 465 ಇರಲಿ (ಎರಡೂ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಕ್ರಮಗಳು). ಇನ್ನು ಫೋಟೋಗಳ ಮಾತು: ಲಗತ್ತಿಸಿದ ಕಡತವನ್ನು ಕಳುಹಿಸುವಾಗ ಅದರ ಪ್ರತಿ ಮೂರು ಬೈಟುಗಳು ನಾಲ್ಕು ಅಕ್ಷರಗಳಾಗಿ ಬದಲಾಗುವುದರಿಂದ ಗಾತ್ರ ಮೂರನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಮೇಲ್ ಸೇವೆಗಳು ಒಂದು ಮೇಲಿನ ಗಾತ್ರಕ್ಕೆ ಮಿತಿ ಹಾಕಿರುತ್ತವೆ. ಉದಾಹರಣೆಗೆ, 20 ಎಂಬಿಯ ಫೋಟೋಗಳು ಹೊರಡುವಾಗ 26 ಎಂಬಿ ದಾಟಿರುತ್ತವೆ.

ಪ್ರಶ್ನೆ: ಕೆಲವರು ಕಳುಹಿಸಿದ ಕನ್ನಡ ಮೇಲ್‌ಗಳು ವಿಚಿತ್ರ ಅಕ್ಷರಗಳಾಗಿ ಕಾಣುತ್ತವೆ.
— ಗ್ರಂಥಪಾಲಕರು, ಮೈಸೂರು

ಉತ್ತರ: ಇದರಲ್ಲಿ ಎರಡು ಬಗೆಯಿದೆ. ಯೂನಿಕೋಡಿನಲ್ಲೇ ಬರೆದ ಮೇಲ್ ತಪ್ಪು ಸಂಕೇತದಲ್ಲಿ ತೆರೆದುಕೊಂಡಿದ್ದರೆ, ವ್ಯೂ ಮೆನುವಿನ ರಿಪೇರ್ ಟೆಕ್ಸ್ಟ್ ಎನ್‌ಕೋಡಿಂಗ್ ಒತ್ತಿದರೆ ಸಾಮಾನ್ಯವಾಗಿ ಕನ್ನಡ ಮೂಡುತ್ತದೆ. ಅದರಿಂದ ಏನೂ ಬದಲಾಗದೆ, ತಲೆಯ ಮೇಲೆ ಗೆರೆ, ಚುಕ್ಕೆ ಹೊತ್ತ ರೋಮನ್ ಅಕ್ಷರಗಳೇ ಸಾಲಾಗಿ ಉಳಿದರೆ, ಅದು ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಪತ್ರವಾಗಿರುವ ಸಂಭವ ಹೆಚ್ಚು. ಅಲ್ಲಿ ಥಂಡರ್‌ಬರ್ಡಿನ ತಪ್ಪೇನೂ ಇಲ್ಲ. ಪಠ್ಯವನ್ನು ನಕಲಿಸಿ ಯೂನಿಕೋಡ್ ಪರಿವರ್ತಕಕ್ಕೆ ಹಾಕಿ ಓದಿಕೊಳ್ಳಿ, ಮುಂದಿನ ಪತ್ರವನ್ನು ಯೂನಿಕೋಡಿನಲ್ಲೇ ಬರೆಯುವಂತೆ ಕಳುಹಿಸಿದವರಿಗೆ ತಿಳಿಸಿ.