ಎರಡೇ ಬಾಗಿಲು, ಒಂದೂವರೆ ಮೀಟರ್ ಉದ್ದ: ಓದುಗರ ಪ್ರಶ್ನೆಗೆ ತಜ್ಞರ ಉತ್ತರ

ಪ್ರಶ್ನೆ: ರೋಲ್ಸ್ ರಾಯ್ಸ್ ಸ್ಪೆಕ್ಟರ್ ಕಾರು ಭಾರತಕ್ಕೆ ಬಂದಾಗ ಶೋರೂಂ ಬೆಲೆಯೇ ಏಳೂವರೆ ಕೋಟಿ. ಅಷ್ಟು ಕೊಟ್ಟರೂ ಎರಡೇ ಬಾಗಿಲು ಯಾಕೆ? ಅವೂ ಹಿಂದುಮುಂದಾಗಿ ತೆರೆಯುವುದರಿಂದ ಏನು ಲಾಭ?
– ಮೆಕ್ಯಾನಿಕಲ್ ವಿದ್ಯಾರ್ಥಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಈ ದರ್ಜೆಯಲ್ಲಿ ನಾಲ್ಕು ಬಾಗಿಲಿನ ಕಾರು ಹಿಂದೆ ಕೂರುವ ಮಾಲೀಕರ ಸಲುವಾಗಿ, ಎರಡು ಬಾಗಿಲಿನದು ತಾವೇ ಓಡಿಸುವವರ ಸಲುವಾಗಿ. ಹಿಂದಿನ ಸೀಟಿಗೂ ಅದೇ ಬಾಗಿಲಿನಿಂದ ಹೋಗಬೇಕಾದ್ದರಿಂದ ಬಾಗಿಲು ಉದ್ದವಾಗುತ್ತದೆ. ಸ್ಪೆಕ್ಟರ್‌ನಲ್ಲಿ ಅದು ಹೆಚ್ಚುಕಡಿಮೆ ಒಂದೂವರೆ ಮೀಟರ್. ಉಳಿದ ವಿನ್ಯಾಸವೆಲ್ಲ ಈ ಒಂದು ಅಳತೆಯ ಬೆನ್ನು ಹತ್ತಿ ಬಂದದ್ದು.

ಕೀಲು ಹಿಂಬದಿಗಿದ್ದರೆ ಕಾಲಿಡುವ ಜಾಗದ ಮುಂದೆ ಏನೂ ಅಡ್ಡ ಬರುವುದಿಲ್ಲ. ಬೆನ್ನು ತಿರುಗಿಸಿ ಕುಳಿತು, ಕಾಲೆರಡನ್ನೂ ಒಟ್ಟಿಗೆ ಒಳಗೆ ಎಳೆದುಕೊಳ್ಳಬಹುದು. ಸೀರೆ, ಧೋತರ ಉಟ್ಟವರಿಗೆ ಇದು ನಿಜವಾದ ಅನುಕೂಲ. ಆದರೆ ಕುಳಿತ ಮೇಲೆ ಬಾಗಿಲಿನ ತುದಿ ಕೈಗೆ ಎಟುಕುವುದಿಲ್ಲ. ಅದಕ್ಕೇ ಮೋಟರ್: ಗುಂಡಿ ಒತ್ತಿದರೆ ಮುಚ್ಚುತ್ತದೆ, ಸ್ಪೆಕ್ಟರ್‌ನಲ್ಲಿ ಚಾಲಕ ಬ್ರೇಕ್ ತುಳಿದರೂ ಮುಚ್ಚುತ್ತದೆ. ಇನ್ನೊಂದು ಅಪಾಯವೂ ಇದೆ. ಓಡುವಾಗ ಚಿಲಕ ಸಡಿಲಾದರೆ ಮುಂದೆ ಕೀಲಿರುವ ಬಾಗಿಲನ್ನು ಗಾಳಿ ಮುಚ್ಚುತ್ತದೆ, ಹಿಂದೆ ಕೀಲಿರುವುದನ್ನು ಕಿತ್ತು ತೆರೆಯುತ್ತದೆ. ಹೀಗಾಗಿ ಕಾರು ಚಲಿಸುವಾಗ ತೆರೆಯದಂತೆ ಎಲೆಕ್ಟ್ರಾನಿಕ್ ಬೀಗ ಕಡ್ಡಾಯ.

ಬಾಗಿಲಿಗೂ ಹಿಂದಿನ ಕಿಟಕಿಗೂ ನಡುವಿನ ಕಂಬವೂ ಇಲ್ಲ, ಕಿಟಕಿಗೆ ಚೌಕಟ್ಟೂ ಇಲ್ಲ. ಗಾಜು ನೇರವಾಗಿ ಛಾವಣಿಯ ರಬ್ಬರಿನೊಳಗೆ ಹೋಗಿ ಕೂರುತ್ತದೆ. ಹಿಡಿಕೆ ಎಳೆದ ಕೂಡಲೇ ಗಾಜು ಕೆಲವು ಮಿಲಿಮೀಟರ್ ಕೆಳಗಿಳಿದು, ಬಾಗಿಲು ಹಾಕಿದ ಮೇಲೆ ಮತ್ತೆ ಏರುತ್ತದೆ. ನಮ್ಮ ಕಡೆ ಮೊದಲು ಕೆಡುವುದು ಇದೇ ಜಾಗ. ಎರಿ (ಕಪ್ಪು) ಮಣ್ಣಿನ ನುಣ್ಣನೆ ಧೂಳು ರಬ್ಬರಿನ ಸಂದಿಯಲ್ಲಿ ಕೂತು ಗಾಜಿನ ಅಂಚನ್ನು ಉಜ್ಜುತ್ತದೆ, ರಬ್ಬರು ಗಟ್ಟಿಯಾಗುತ್ತದೆ, 80ರ ವೇಗ ದಾಟಿದರೆ ಸೀಟಿ ಹೊಡೆದಂಥ ಸದ್ದು ಶುರು. ತಿಂಗಳಿಗೊಮ್ಮೆ ಒದ್ದೆ ಬಟ್ಟೆಯಿಂದ ರಬ್ಬರು ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಗ್ರೀಸನ್ನು ತೆಳ್ಳಗೆ ಸವರಿ. ಇಂಜಿನ್ ಆಯಿಲ್, ಸಾಮಾನ್ಯ ಗ್ರೀಸ್ ಬೇಡ. ಈ ರಬ್ಬರು ಅವುಗಳಿಗೆ ಉಬ್ಬುತ್ತದೆ. ಪರೀಕ್ಷೆ ಸುಲಭ: ಗಾಜು ಮತ್ತು ರಬ್ಬರಿನ ನಡುವೆ ಕಾಗದದ ಚೀಟಿ ಇಟ್ಟು ಬಾಗಿಲು ಹಾಕಿ, ಮೆಲ್ಲಗೆ ಎಳೆಯಿರಿ. ಬಿಗಿಯಾಗಿ ಬಂದರೆ ಸರಿ, ಜಾರಿ ಬಂದರೆ ಅಲ್ಲಿ ಸಂದಿ ಬಿಟ್ಟಿದೆ. 12 ವೋಲ್ಟ್ ಬ್ಯಾಟರಿ ಸೋತಾಗ ಗಾಜು ಇಳಿಯುವುದಿಲ್ಲ. ಆಗ ಒತ್ತಾಯದಿಂದ ಬಾಗಿಲು ಹಾಕಬೇಡಿ.

ಪ್ರಶ್ನೆ: ನಮ್ಮ ಕಾರ್ ಶೆಡ್ ಒಳಗಿನ ಅಗಲ 10 ಅಡಿ. ಇಂಥ ಕಾರು ಹಿಡಿಯುತ್ತದೆಯೇ?
– ಓದುಗರು, ಗದಗ

ಉತ್ತರ: ಕಾರು ಹಿಡಿಯುತ್ತದೆ, ನೀವು ಇಳಿಯಲು ಕಷ್ಟ. ಹತ್ತು ಅಡಿ ಎಂದರೆ 3.05 ಮೀಟರ್. ಕಾರಿನ ಅಗಲ 2.1 ಮೀಟರ್ ಹಿಡಿಯಿರಿ. ಉಳಿದದ್ದು 95 ಸೆಂ.ಮೀ. ನಟ್ಟನಡುವೆ ನಿಲ್ಲಿಸಿದರೆ ಒಂದೂವರೆ ಮೀಟರ್ ಬಾಗಿಲು 18 ಡಿಗ್ರಿಯಷ್ಟೇ ತೆರೆಯುತ್ತದೆ, ಮೈ ತೂರುವುದಿಲ್ಲ. ಎಡಗೋಡೆಗೆ 20 ಸೆಂ.ಮೀ. ಬಿಟ್ಟು ಒತ್ತಿ ನಿಲ್ಲಿಸಿದರೆ ಚಾಲಕನ ಕಡೆ 75 ಸೆಂ.ಮೀ. ಸಿಗುತ್ತದೆ, ಬಾಗಿಲು 30 ಡಿಗ್ರಿ. ಚಾಲಕ ಇಳಿಯಬಹುದು, ಉಳಿದವರನ್ನು ಹೊರಗೇ ಇಳಿಸಿ. 12 ಅಡಿ ಇದ್ದರೆ ಇದೇ ಲೆಕ್ಕದಲ್ಲಿ 65 ಡಿಗ್ರಿ. ಉದ್ದ ಐದೂವರೆ ಮೀಟರ್‌ಗೆ ಸಮೀಪ, ಆದ್ದರಿಂದ 20 ಅಡಿ ಆಳ ಬೇಕು. ಗೋಡೆಗೆ ಬಾಗಿಲಿನ ತುದಿ ತಾಗುವ ಎತ್ತರಕ್ಕೆ ದಪ್ಪ ಫೋಮ್ ಪಟ್ಟಿ ಅಂಟಿಸಿಬಿಡಿ.

ಪ್ರಶ್ನೆ: ರೋಲ್ಸ್ ರಾಯ್ಸ್ ಬಾಗಿಲಿನಲ್ಲಿ ಕೊಡೆ ಇರುತ್ತದಂತೆ. ಅದೇ ಕಂಪನಿಯ ಎರಡು ಬಾಗಿಲಿನ ರೇಯ್ತ್ ಕಾರಿನ ಬಾಗಿಲಲ್ಲಿ ಕಾಣಲಿಲ್ಲವಲ್ಲ?
– ಓದುಗರು, ಕೇಶ್ವಾಪುರ, ಹುಬ್ಬಳ್ಳಿ

ಉತ್ತರ: ಬಾಗಿಲು ತೆರೆದು ಮುಂದಿನ ಫೆಂಡರಿನ (ಚಕ್ರದ ಮೇಲಿನ ಫಲಕದ) ಒಳಅಂಚು ನೋಡಿ, ಅಲ್ಲಿದೆ. ಕೀಲು ಹಿಂದಕ್ಕೆ ಹೋದದ್ದಕ್ಕೆ ಕೊಡೆ ಮುಂದಕ್ಕೆ ಬಂತು.

ಪ್ರಶ್ನೆ: ರೇಯ್ತ್‌ನಂತೆ ಒಳಗೆ ಚುಕ್ಕೆಚುಕ್ಕೆಯಾಗಿ ಬೆಳಗುವ ನಕ್ಷತ್ರದ ಛಾವಣಿ ನನ್ನ ಸಾದಾ ಕಾರಿಗೂ ಹಾಕಿಸಬಹುದೇ? ಮೂರು ತಾಸಿನ ಕೆಲಸ ಎನ್ನುತ್ತಾರೆ.
– ಓದುಗರು, ಸಪ್ತಾಪುರ, ಧಾರವಾಡ

ಉತ್ತರ: ಹಾಕಿಸಬಹುದು. ಮೂರು ತಾಸಿನಲ್ಲಿ ಮುಗಿಸುವವರ ಕೈಗೆ ಮಾತ್ರ ಕೊಡಬೇಡಿ. ರೇಯ್ತ್‌ನಲ್ಲಿ ಬೆಳಕು ಸಾಗಿಸುವ 1,340 ಎಳೆಗಳು (ಆಪ್ಟಿಕಲ್ ಫೈಬರ್), ಒಂದೊಂದನ್ನೂ ಚರ್ಮದಲ್ಲಿ ಕೈಯಿಂದಲೇ ಕೂರಿಸಿದ್ದು. ಸ್ಪೆಕ್ಟರ್‌ನ ಬಾಗಿಲುಗಳಲ್ಲೇ 4,796 ಚುಕ್ಕೆಗಳಿವೆ. ಸಣ್ಣ ಕಾರಿಗೆ 300–400 ಸಾಕು.

ಛಾವಣಿಯ ಅಂಚಿನಲ್ಲಿ ಕರ್ಟನ್ ಏರ್‌ಬ್ಯಾಗ್ (ಅಪಘಾತವಾದಾಗ ಕಿಟಕಿಗೆ ಪರದೆಯಂತೆ ಇಳಿಯುವ ಗಾಳಿಚೀಲ) ಇದ್ದರೆ ಎರಡೂ ಬದಿ 12 ಸೆಂ.ಮೀ. ಖಾಲಿ ಬಿಡಬೇಕು, ಅದರ ಮೇಲೆ ಒಂದೆಳೆಯೂ ಹಾಯಬಾರದು. ಬ್ಯಾಟರಿ ತಂತಿ ಕಳಚಿ ಹತ್ತು ನಿಮಿಷ ಕಾದು, ಆಮೇಲಷ್ಟೇ ಕಂಬದ ಕವಚ ಬಿಚ್ಚಬೇಕು. ಛಾವಣಿಯ ಒಳಹಲಗೆಯನ್ನು ಹೊರಗೆ ತೆಗೆದು ಸೂಜಿಯಿಂದ ತೂತು ಹಾಕಿ, 0.75 ಮಿ.ಮೀ. ಎಳೆಗಳ ನಡುವೆ ಅಲ್ಲೊಂದು ಇಲ್ಲೊಂದು 1 ಮಿ.ಮೀ.ನದು ಸೇರಿಸಿದರೆ ಆಕಾಶ ನಿಜವೆನಿಸುತ್ತದೆ. ಸಾಲಾಗಿ ಅಳೆದು ಹಾಕಿದರೆ ಮದುವೆ ಮಂಟಪದ ಸರದೀಪ ಆಗುತ್ತದೆ.

ಕೆಡುವುದು ಅಂಟಿನಲ್ಲಿ. ಫೆವಿಕ್ವಿಕ್ ಜಾತಿಯ ಅಂಟು ತಾಗಿದರೆ ಪ್ಲಾಸ್ಟಿಕ್ ಎಳೆ ಬಿರುಕುಬಿಟ್ಟು ಮುರಿಯುತ್ತದೆ. ಗ್ಲೂ ಗನ್ ಅಂಟು ಮೇ ತಿಂಗಳ ಬಿಸಿಲಿಗೆ ಮೆತ್ತಗಾಗಿ ಎಳೆ ಒಳಗೆ ಸರಿಯುತ್ತದೆ. ಬಳುಕುವ, ಬಿಸಿ ತಡೆಯುವ ಅಂಟನ್ನು ಹಿಂಬದಿಯಿಂದ ಹಾಕಿಸಿ, ಒಂದಿಡೀ ದಿನ ಒಣಗಲು ಬಿಡಿ. ಎಳೆಯ ತುದಿ 2–3 ಸೆಂ.ಮೀ. ಹೊರಗೆ ಇರಲಿ, ಅಂಟು ಗಟ್ಟಿಯಾದ ಮೇಲೆ ಹೊಸ ಬ್ಲೇಡಿನಿಂದ ಬಟ್ಟೆಗೆ ಸಮನಾಗಿ ಕತ್ತರಿಸಬೇಕು. ಎಳೆಯನ್ನು ಚೂಪಾಗಿ ಮಡಚಿದರೆ ಬೆಳಕು ಅಲ್ಲೇ ಸೋರಿಹೋಗುತ್ತದೆ. ದೀಪದ ಪೆಟ್ಟಿಗೆ ಸೀಟಿನ ಕೆಳಗಿರಲಿ, ಇಗ್ನಿಷನ್ ಲೈನಿನಿಂದ 5 ಆಂಪಿಯರ್ ಫ್ಯೂಸ್ ಮೂಲಕ.

ಪ್ರಶ್ನೆ: ಸ್ಪೆಕ್ಟರ್ ಎಲೆಕ್ಟ್ರಿಕ್ ಅಲ್ಲವೇ? ಹಾವೇರಿಯಿಂದ ಬೆಂಗಳೂರಿಗೆ ಒಂದೇ ಚಾರ್ಜಿನಲ್ಲಿ ಹೋಗಬಹುದೇ?
– ಓದುಗರು, ಹಾವೇರಿ

ಉತ್ತರ: ಹೋಗಬಹುದು, ಮರಳಿ ಬರಲಾಗದು. ಕಂಪನಿ ಹೇಳುವುದು ಸುಮಾರು 520 ಕಿ.ಮೀ. ಮೂರು ಟನ್ನಿಗೆ ಸಮೀಪದ ಕಾರು, ಎ.ಸಿ., ನೂರರ ವೇಗ ಎಲ್ಲ ಸೇರಿ ಕಾಲುಭಾಗ ಕಳೆದರೂ 390 ಉಳಿಯುತ್ತದೆ, ಬೆಂಗಳೂರು ಮುಟ್ಟಲು ಅಷ್ಟು ಸಾಕು. ಬ್ಯಾಟರಿ 102 ಯೂನಿಟ್ಟಿನದು. ಮನೆಯಲ್ಲಿ ಮೂರು ಫೇಸಿನ 11 ಕಿಲೋವ್ಯಾಟ್ ಚಾರ್ಜರಿಗೆ ಹತ್ತು ತಾಸು, 15 ಆಂಪಿಯರ್ ಸಾಕೆಟ್ಟಿಗೆ ಹಾಕಿದರೆ ಒಂದೂವರೆ ದಿನ. ಮೊದಲು ಹೆಸ್ಕಾಂನಲ್ಲಿ ಲೋಡ್ ಹೆಚ್ಚಿಸಿಕೊಳ್ಳಿ. 30 ಮಿಲಿಆಂಪಿಯರಿನ ಲೀಕೇಜ್ ಬ್ರೇಕರ್ ಮತ್ತು ಚಾರ್ಜರಿಗೇ ಬೇರೆ ಅರ್ಥಿಂಗ್ ಹಾಕಿಸಿ. ಎರಿ ಮಣ್ಣು ಬೇಸಿಗೆಯಲ್ಲಿ ಬಾಯಿಬಿಟ್ಟು ಅರ್ಥಿಂಗ್ ಸಲಾಕೆಯಿಂದ ದೂರ ಸರಿಯುತ್ತದೆ, ಆಗ ಚಾರ್ಜರ್ ನಡುನಡುವೆ ನಿಲ್ಲುತ್ತದೆ. ಬಹಳ ಜನ ಕಾರಿನ ದೋಷವೆಂದುಕೊಳ್ಳುತ್ತಾರೆ. ಮಾರ್ಚಿನಿಂದ ಮಳೆ ಬೀಳುವವರೆಗೆ ಆ ಸಲಾಕೆ ಹೂಳಿದ ಗುಂಡಿಗೆ ವಾರಕ್ಕೆರಡು ಕೊಡ ನೀರು ಹಾಕಿ.