ಹೆದರಿದ ಬೆಕ್ಕಿಗೆ ಯಾವ ಮನೆ?

ಪ್ರಶ್ನೆ: ನಮಸ್ಕಾರ ಡಾಕ್ಟ್ರೇ. ಶಿವಮೊಗ್ಗದಲ್ಲಿ ಬಿಟ್ಟುಹೋದ ಪ್ರಾಣಿಗಳನ್ನು ಸಾಕುವ ಸಣ್ಣ ಆಶ್ರಯವೊಂದಿದೆ, ರಜಾ ದಿನಗಳಲ್ಲಿ ಹೋಗಿ ಕೈಲಾದ ಕೆಲಸ ಮಾಡಿಕೊಡುತ್ತೇನೆ. ಅಲ್ಲಿ ಚಿನ್ನಿ ಅಂತ ಒಂದು ಹೆಣ್ಣು ಬೆಕ್ಕಿದೆ. ನಾಲ್ಕೈದು ವರ್ಷ ಇರಬಹುದು. ಅಜ್ಜಿಯೊಬ್ಬರ ಮನೆಯಲ್ಲಿ ಬೆಳೆದದ್ದು. ಅವರು ತೀರಿಕೊಂಡ ಮೇಲೆ ಬೆಂಗಳೂರಿಂದ ಬಂದ ಮಗ ಮನೆಗೆ ಬೀಗ ಹಾಕಿ ಇದನ್ನು ನಮ್ಮಲ್ಲಿ ಬಿಟ್ಟು ಹೋದರು. ಬಂದಾಗಿನಿಂದ ಮರಳಿನ ಟ್ರೇಯಲ್ಲೇ ಮುದುರಿ ಕೂತಿರುತ್ತದೆ. ಹತ್ತಿರ ಹೋದರೆ ಬುಸ್ ಅನ್ನುತ್ತದೆ. ಹಗಲು ಏನೂ ತಿನ್ನುವುದಿಲ್ಲ, ಬೆಳಿಗ್ಗೆ ನೋಡಿದರೆ ತಟ್ಟೆ ಅರ್ಧ ಖಾಲಿ. ಹೊಟ್ಟೆಯ ಕೂದಲು ನೆಕ್ಕಿ ನೆಕ್ಕಿ ಬೋಳಾಗಿದೆ, ಆಗಾಗ ಸೀನುತ್ತದೆ, ಒಂದು ಕಣ್ಣಲ್ಲಿ ನೀರು. ಒಂದು ಕುಟುಂಬದವರು ಕರೆದುಕೊಂಡು ಹೋಗಿದ್ದರು, ಮಂಚದ ಕೆಳಗಿಂದ ಈಚೆಗೇ ಬರಲ್ಲ ಅಂತ ಅದೇ ವಾರ ವಾಪಸ್ ತಂದುಬಿಟ್ಟರು. ಈಗ ತೀರ್ಥಹಳ್ಳಿ ಕಡೆಯ ಅಡಿಕೆ ತೋಟದವರೊಬ್ಬರು ಅಟ್ಟದಲ್ಲಿ ಇಲಿ ಜಾಸ್ತಿಯಾಗಿದೆ, ಕೊಡಿ ಅಂತಿದ್ದಾರೆ. ನಮ್ಮವರಲ್ಲಿ ಕೆಲವರು ಕೊಟ್ಟುಬಿಡೋಣ ಅಂತಾರೆ, ಕೆಲವರು ಅದು ಸ್ವಲ್ಪ ಹೊಂದಿಕೊಳ್ಳಲಿ, ಆಮೇಲೆ ನೋಡೋಣ ಅಂತಾರೆ. ನೀವೇನು ಹೇಳುತ್ತೀರಿ?

ಉತ್ತರ: ಹೊಂದಿಕೊಳ್ಳಲಿ ಅಂತ ಕಾಯಬೇಡಿ. ಚಿನ್ನಿ ಆ ಜಾಗದಲ್ಲಿ ಹೊಂದಿಕೊಳ್ಳುವುದು ಕಷ್ಟ. ಅದರ ಹೆದರಿಕೆಗೆ ಕಾರಣವೇ ಆ ಜಾಗ. ನೀವು ಬರೆದಿಲ್ಲ, ಆದರೆ ಪಕ್ಕದಲ್ಲೇ ನಾಯಿಗಳು ಬೊಗಳುತ್ತಿರಬೇಕು ಅಲ್ವಾ? ಬೆಕ್ಕಿಗೆ ತನ್ನ ಮನೆ ಅಂದರೆ ಮೊದಲು ವಾಸನೆ. ತಾನು ಕೆನ್ನೆ ಉಜ್ಜಿದ ಬಾಗಿಲು, ತಾನು ಮಲಗಿದ ಬಟ್ಟೆ, ತನಗೆ ಗೊತ್ತಿರುವ ಒಬ್ಬರ ಕೈ. ಅಜ್ಜಿ ಹೋದ ಮೇಲೆ ಇದೆಲ್ಲಾ ಒಂದೇ ದಿನ ಹೋಯಿತು, ಬದಲಿಗೆ ಒಂದು ಪಂಜರ, ಫಿನಾಯಿಲ್ ವಾಸನೆ, ದಿನಕ್ಕೊಂದು ಹೊಸ ಮುಖ. ಮರಳಿನ ಟ್ರೇಯಲ್ಲಿ ಯಾಕೆ ಕೂರುತ್ತದೆ ಅಂದರೆ ಪಂಜರದಲ್ಲಿ ಅಡಗಲು ಬೇರೆ ಜಾಗ ಇಲ್ಲ, ಅದರದ್ದೇ ವಾಸನೆ ಇರುವುದು ಅಲ್ಲಿ ಮಾತ್ರ. ಇದು ಬೆಕ್ಕಿನ ಸ್ವಭಾವ ಕೆಟ್ಟದ್ದು ಅನ್ನುವುದಕ್ಕೆ ಗುರುತೇ ಅಲ್ಲ. ಅಜ್ಜಿಯ ಜೊತೆ ವರ್ಷಗಟ್ಟಲೆ ಬಾಳಿದ ಬೆಕ್ಕು ಅದು, ಮನುಷ್ಯರ ಜೊತೆ ಇರಲು ಅದಕ್ಕೆ ಚೆನ್ನಾಗಿ ಗೊತ್ತು.

ಮನೆ ಸಿಗುವವರೆಗೆ ಮಾಡಬೇಕಾದ್ದು ಮೊದಲು ಹೇಳುತ್ತೇನೆ. ಕಿರಾಣಿ ಅಂಗಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ತಂದು ಪಂಜರದೊಳಗೆ ಅಡ್ಡ ಮಲಗಿಸಿಡಿ. ಇಷ್ಟೇನಾ ಅನ್ನಬೇಡಿ. ನೆದರ್ಲೆಂಡ್ಸ್‌ನ ಉಟ್ರೆಕ್ಟ್ ವಿಶ್ವವಿದ್ಯಾಲಯದವರು ಒಂದು ಆಶ್ರಯಕ್ಕೆ ಹೊಸದಾಗಿ ಬಂದ ಬೆಕ್ಕುಗಳಲ್ಲಿ ಕೆಲವಕ್ಕೆ ಅಡಗುವ ಪೆಟ್ಟಿಗೆ ಕೊಟ್ಟು, ಕೆಲವಕ್ಕೆ ಕೊಡದೆ ನೋಡಿದರು. ಪೆಟ್ಟಿಗೆ ಸಿಕ್ಕ ಬೆಕ್ಕುಗಳು ಮೊದಲ ಕೆಲವೇ ದಿನಗಳಲ್ಲಿ ಸಮಾಧಾನಕ್ಕೆ ಬಂದವು, ಸಿಗದವು ತುಂಬಾ ನಿಧಾನ. 2014ರಲ್ಲಿ ಅದು ಪ್ರಕಟವಾಗಿದೆ. ಪಂಜರವನ್ನು ನೆಲದಿಂದ ಎತ್ತರಕ್ಕೆ, ನಾಯಿಗಳು ಕಾಣದ ಕಡೆ ಇಡಿ, ಮುಂಭಾಗದ ಅರ್ಧಕ್ಕೆ ಹಳೇ ಬೆಡ್‌ಶೀಟ್ ಇಳಿಬಿಡಿ. ದಿನಾ ಎಲ್ಲವನ್ನೂ ತೊಳೆದು ಬದಲಾಯಿಸಬೇಡಿ. ಗಲೀಜಾದದ್ದನ್ನು ಮಾತ್ರ ತೆಗೆದು, ಅದು ಮಲಗುವ ಬಟ್ಟೆ ಹಾಗೇ ಇರಲಿ. ಊಟ ಹಾಕುವವರು ಒಬ್ಬರೇ ಆದರೆ ಒಳ್ಳೆಯದು, ಒಂದೇ ಹೊತ್ತಿಗೆ.

ಇನ್ನು ಆರೋಗ್ಯ. ಸೀನು, ಕಣ್ಣೀರು ಎರಡೂ ಒಟ್ಟಿಗೆ ಇದ್ದರೆ ಹೆಚ್ಚಾಗಿ ಬೆಕ್ಕಿನ ಹರ್ಪಿಸ್ ವೈರಸ್. ಒಮ್ಮೆ ಬಂದರೆ ಅದು ಮೈಯೊಳಗೇ ಅಡಗಿದ್ದು, ಬೆಕ್ಕು ಗಾಬರಿಯಲ್ಲಿದ್ದಾಗ ಮತ್ತೆ ತಲೆ ಎತ್ತುತ್ತದೆ. ಬೇರೆ ಬೆಕ್ಕುಗಳಿಗೂ ಹರಡುವುದರಿಂದ ಇದರ ತಟ್ಟೆ, ಟ್ರೇ ಬೇರೆ ಇಡಿ. ಹೊಟ್ಟೆ ನೆಕ್ಕುವುದು ಮನಸ್ಸಿನ ಒತ್ತಡಕ್ಕೂ ಇರಬಹುದು, ಚಿಗಟಕ್ಕೂ ಇರಬಹುದು, ಮೂತ್ರಕೋಶದ ನೋವಿಗೂ ಇರಬಹುದು, ಹಾಗಾಗಿ ಒಂದು ಸಲ ಪರೀಕ್ಷೆ ಆಗಲೇಬೇಕು. ವಿನೋಬನಗರದ ಪಶುವೈದ್ಯಕೀಯ ಕಾಲೇಜಿಗೆ ಕರೆದುಕೊಂಡು ಹೋಗಬಹುದು. ಅಷ್ಟರಲ್ಲಿ ಯಾರಾದರೂ ನೆಗಡಿಗೆ ಅಂತ ಮನುಷ್ಯರ ಮಾತ್ರೆ ಪುಡಿ ಮಾಡಿ ಹಾಕದಂತೆ ನೋಡಿಕೊಳ್ಳಿ. ಒಂದು ಪ್ಯಾರಸಿಟಮಾಲ್ ಮಾತ್ರೆ ಸಾಕು, ಬೆಕ್ಕಿನ ಪ್ರಾಣ ಹೋಗುತ್ತದೆ. ರಾತ್ರಿ ತಿನ್ನುತ್ತಿರುವುದು ಸದ್ಯಕ್ಕೆ ಸಮಾಧಾನದ ವಿಷಯ. ಆದರೆ ಒಂದು ಇಡೀ ದಿನ ತಟ್ಟೆ ಮುಟ್ಟಲಿಲ್ಲ ಅಂದರೆ ಮಾರನೇ ದಿನಕ್ಕೆ ಕಾಯಬೇಡಿ. ಎರಡು ಮೂರು ದಿನ ಉಪವಾಸ ಬಿದ್ದರೆ ಬೆಕ್ಕಿನ ಲಿವರ್‌ನಲ್ಲಿ ಕೊಬ್ಬು ತುಂಬಿಕೊಂಡು ಜೀವಕ್ಕೇ ಅಪಾಯ.

ಒಂದು ಫೋನ್ ಮಾಡಿ ನೋಡಿ ಅನ್ನುತ್ತೇನೆ, ಅಜ್ಜಿಯ ಮಗನಿಗೆ. ಬೈಯಲು ಅಲ್ಲ. ಚಿನ್ನಿ ಏನು ತಿನ್ನುತ್ತಿತ್ತು, ಎಲ್ಲಿ ಮಲಗುತ್ತಿತ್ತು, ಅಜ್ಜಿ ಅದನ್ನು ಹೇಗೆ ಕರೆಯುತ್ತಿದ್ದರು, ಇಷ್ಟು ಕೇಳಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೆಕ್ಕು ಹಾಲು ಅನ್ನ, ಮೊಸರನ್ನದಲ್ಲೇ ಬೆಳೆದಿರುತ್ತದೆ. ಅಂಥದ್ದರ ಮುಂದೆ ದಿಢೀರನೆ ಒಣ ಕಾಳಿನ ಆಹಾರ ಸುರಿದರೆ ಅದಕ್ಕೆ ಅದು ಊಟ ಅಂತಲೇ ಗೊತ್ತಾಗುವುದಿಲ್ಲ. ಅದರ ರೂಢಿಯ ಊಟಕ್ಕೇ ಬೇಯಿಸಿದ ಮೀನೋ ಬೆಕ್ಕಿನ ಆಹಾರವೋ ಸ್ವಲ್ಪ ಸ್ವಲ್ಪ ಸೇರಿಸುತ್ತಾ ಹೋಗಿ. ಬರೀ ಹಾಲು ಅನ್ನ ಸಾಲದು, ಟೌರಿನ್ ಅನ್ನುವ ಪೋಷಕಾಂಶ ಬೆಕ್ಕಿಗೆ ಬೇಕೇ ಬೇಕು, ಅದಿಲ್ಲದಿದ್ದರೆ ಕಾಲಕ್ರಮದಲ್ಲಿ ಕಣ್ಣು, ಹೃದಯ ಎರಡೂ ಕೆಡುತ್ತವೆ. ಮತ್ತೆ ಆ ಮನೆಯಲ್ಲಿ ಅಜ್ಜಿಯ ಹಳೇ ಸೀರೆಯೋ ಶಾಲೋ ಇದ್ದರೆ ಒಂದು ತುಂಡು ಕಳಿಸಲು ಕೇಳಿ. ತೊಳೆಯದೇ ಇದ್ದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಪೆಟ್ಟಿಗೆಯೊಳಗೆ ಹಾಸಿ.

ಈಗ ತೋಟದವರ ವಿಷಯ. ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ, ಇಲಿ ಹಿಡಿಯಲಿ ಅಂತ ಕೇಳಿದವರಿಗೆ ಚಿನ್ನಿಯನ್ನು ಹಾಗೇ ಕೊಟ್ಟು ಕಳಿಸಬೇಡಿ. ಹಂಚಿನ ಮನೆ, ಅಟ್ಟ, ಕೊಟ್ಟಿಗೆ, ಸೌದೆ ಮನೆ, ಎಲ್ಲಾ ಕಡೆಯೂ ಸಂದಿ. ಮೊದಲ ರಾತ್ರಿಯೇ ಹೊರಗೆ ಬಿದ್ದು ಹಳೇ ಮನೆ ಹುಡುಕಿಕೊಂಡು ಹೊರಡುತ್ತದೆ, ತೋಟ ದಾಟಿದರೆ ಕಾಡು, ನಾಯಿ, ಚಿರತೆ. ಅಲ್ಲಿ ಇಲಿ ಪಾಷಾಣ ಇಡುತ್ತಾರಾ ಅಂತಲೂ ಕೇಳಿ, ವಿಷ ತಿಂದ ಇಲಿಯನ್ನು ತಿಂದರೆ ಬೆಕ್ಕಿಗೂ ವಿಷ ಏರುತ್ತದೆ. ಅಡಿಕೆ ಸುಗ್ಗಿಯ ಹೊತ್ತಿನಲ್ಲಂತೂ ಬೇಡವೇ ಬೇಡ. ಮನೆ ತುಂಬಾ ಜನ, ರಾತ್ರಿಯೆಲ್ಲಾ ಸುಲಿಯುವ ಸದ್ದು, ಅಂಗಳದಲ್ಲಿ ಬೇಯಿಸುವ ಹಂಡೆ. ಹಾಗಂತ ಆ ಮನೆಯವರನ್ನು ತಳ್ಳಿಹಾಕಬೇಕಿಲ್ಲ. ಒಂದು ಕೋಣೆಯಲ್ಲಿ ಮೂರು ನಾಲ್ಕು ವಾರ ಮುಚ್ಚಿಟ್ಟು ನೋಡಿಕೊಳ್ಳುತ್ತೇವೆ, ದಿನಾ ಎರಡು ಹೊತ್ತು ಹೊಟ್ಟೆ ತುಂಬಾ ಹಾಕುತ್ತೇವೆ, ಇಲಿ ಹಿಡಿಯದಿದ್ದರೂ ಇರಲಿ ಅಂದರೆ ಆಗ ಮಾತಾಡಿ. ಉಪವಾಸ ಹಾಕಿದರೆ ಜಾಸ್ತಿ ಇಲಿ ಹಿಡಿಯುತ್ತದೆ ಅನ್ನುವ ನಂಬಿಕೆ ತಪ್ಪು, ಬೇಟೆಯ ಹುಕಿ ಹೊಟ್ಟೆ ತುಂಬಿದ ಬೆಕ್ಕಿಗೂ ಇರುತ್ತದೆ.

ನಾನು ಹುಡುಕುವುದಾದರೆ ಬೇರೆ ಥರದ ಮನೆ ಹುಡುಕುತ್ತೇನೆ. ನಾಯಿ ಇಲ್ಲದ, ಚಿಕ್ಕ ಮಕ್ಕಳಿಲ್ಲದ, ಬಾಗಿಲು ಹಾಕಬಹುದಾದ ಒಂದು ಕೋಣೆ ಇರುವ ಮನೆ. ನಿವೃತ್ತರಾದ ಮೇಷ್ಟ್ರೋ, ಒಬ್ಬರೇ ಇರುವ ಅಮ್ಮನೋ, ಮನೆಯಿಂದಲೇ ಕೆಲಸ ಮಾಡುವವರೋ. ಅಜ್ಜಿಯ ಮನೆಯ ಹಾಗೆ ನಿಧಾನವಾಗಿ ಹಗಲು ಕಳೆಯುವ ಮನೆ. ಬೆಕ್ಕು ತೊಡೆ ಮೇಲೆ ಬರಲೇಬೇಕು ಅಂತ ಹಟ ಇಲ್ಲದವರು ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ಭಾನುವಾರ ಜನ ಮರಿಗಳನ್ನು ನೋಡಲು ಬಂದಾಗ ಚಿನ್ನಿಯ ಪಂಜರದ ಮುಂದೆ ನಿಲ್ಲಿಸಬೇಡಿ, ಹೆದರಿ ಬುಸ್ ಅನ್ನುವ ಬೆಕ್ಕನ್ನು ಯಾರು ತಾನೇ ಆರಿಸುತ್ತಾರೆ? ಯಾರೂ ಇಲ್ಲದ ಹೊತ್ತಲ್ಲಿ ಪೆಟ್ಟಿಗೆಯಲ್ಲಿ ಕೂತಿರುವಾಗ ಒಂದು ಫೋಟೋ ತೆಗೆದು ವಾಟ್ಸ್ಆ್ಯಪ್‌ನಲ್ಲಿ ಹಾಕಿ. ಜೊತೆಗೆ ಹೀಗೆ ಬರೆಯಿರಿ: "ಚಿನ್ನಿ, ಹೆಣ್ಣು ಬೆಕ್ಕು, ನಾಲ್ಕೈದು ವರ್ಷ. ಸಾಕಿದ ಅಜ್ಜಿ ತೀರಿಕೊಂಡಿದ್ದಾರೆ. ಹೊಸಬರನ್ನು ಕಂಡರೆ ಹೆದರುತ್ತದೆ, ಮೊದಲ ಕೆಲವು ವಾರ ಮಂಚದ ಕೆಳಗೇ ಇರಬಹುದು, ರಾತ್ರಿ ಮಾತ್ರ ತಿನ್ನಬಹುದು. ಕಾಯುವವರು ಬೇಕು. ಆಗದಿದ್ದರೆ ಯಾವಾಗ ಬೇಕಾದರೂ ನಾವೇ ವಾಪಸ್ ಕರೆದುಕೊಳ್ಳುತ್ತೇವೆ." ಸಂತಾನಹರಣದ ಆಪರೇಷನ್, ಲಸಿಕೆ ಆಗಿದ್ದರೆ ಅದನ್ನೂ ಸೇರಿಸಿ. ಮೊದಲು ಕರೆದುಕೊಂಡು ಹೋದವರಿಗೆ ಯಾರಾದರೂ ಇಷ್ಟು ಹೇಳಿದ್ದರೆ ಬಹುಶಃ ಅವರೂ ಕಾಯುತ್ತಿದ್ದರು. ಅಷ್ಟರಲ್ಲಿ ನಿಮ್ಮಲ್ಲೇ ಯಾರಾದರೂ ಮನೆಯ ಒಂದು ಖಾಲಿ ಕೋಣೆಯಲ್ಲಿ ತಾತ್ಕಾಲಿಕವಾಗಿ ಇಟ್ಟುಕೊಂಡರೆ ಎಷ್ಟು ಬೇಗ ಮುಖ ಬದಲಾಗುತ್ತದೆ ನೋಡಿ. ಪಂಜರದಲ್ಲಿ ತಿಂಗಳಾದರೂ ಬಗ್ಗದ ಬೆಕ್ಕು ಕೋಣೆಯಲ್ಲಿ ಬಾಲ ಎತ್ತಿಕೊಂಡು ಓಡಾಡಿದ್ದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಹೊಸ ಮನೆಗೆ ಹೋಗುವ ದಿನ ಗೋಣಿಚೀಲದಲ್ಲಿ ಕಟ್ಟಿಕೊಂಡು ಹೋಗುವುದು ದಯವಿಟ್ಟು ಬೇಡ. ಬೆಕ್ಕಿನ ಬುಟ್ಟಿ ಸಿಗುತ್ತದೆ, ಅದರೊಳಗೆ ಅಜ್ಜಿಯ ಬಟ್ಟೆ ಹಾಸಿ, ಮೇಲೆ ಟವೆಲ್ ಮುಚ್ಚಿ. ಹೊರಡುವ ಮೂರ್ನಾಲ್ಕು ಗಂಟೆ ಮುಂಚೆ ಊಟ ಬೇಡ, ತಿರುವಿನ ರಸ್ತೆಯಲ್ಲಿ ಬೆಕ್ಕಿಗೂ ವಾಂತಿಯಾಗುತ್ತದೆ. ಹೋದ ಮೇಲೆ ಒಂದೇ ಕೋಣೆ. ಅದೇ ಪೆಟ್ಟಿಗೆ, ಅದೇ ಥರದ ಮರಳು. ಮಂಚದ ಕೆಳಗೆ ಹೋದರೆ ಹೋಗಲಿ, ಕೈ ಹಾಕಿ ಎಳೆಯಬೇಡಿ, ಕೋಲಿನಿಂದ ಹೊರಡಿಸಬೇಡಿ. ಸಂಜೆ ಹೊತ್ತು ಮನೆಯವರು ಆ ಕೋಣೆಯ ನೆಲದ ಮೇಲೆ ಸುಮ್ನೆ ಕೂತು ಪೇಪರ್ ಜೋರಾಗಿ ಓದಿಕೊಳ್ಳಲಿ, ದನಿ ರೂಢಿಯಾಗುತ್ತದೆ. ಅದು ನೋಡಿದಾಗ ದುರುಗುಟ್ಟದೆ, ಕಣ್ಣು ಅರೆಮುಚ್ಚಿ ನಿಧಾನವಾಗಿ ಮಿಟುಕಿಸಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ನೋಡಿದ್ದಾರೆ, ಹೀಗೆ ಕಣ್ಣು ಮಿಟುಕಿಸಿದ ಅಪರಿಚಿತರ ಕೈ ಹತ್ತಿರ ಬೆಕ್ಕುಗಳು ಹೆಚ್ಚಾಗಿ ಬಂದವು. ಮನೆಯವರ ಎದುರೇ ಊಟ ಮಾಡಿ, ಕಾಲಿಗೆ ಮೈ ಉಜ್ಜಲು ಶುರು ಮಾಡಿದ ಮೇಲೆ ಕೋಣೆಯ ಬಾಗಿಲು ತೆರೆಯಿರಿ, ಅದೂ ಮನೆ ಶಾಂತವಾಗಿರುವ ರಾತ್ರಿ ಹೊತ್ತು. ಅಂಗಳಕ್ಕೆ ಒಂದು ತಿಂಗಳು ಬಿಡಲೇಬೇಡಿ. ನೀವು ವಾರಕ್ಕೊಂದು ಸಲ ಫೋನ್ ಮಾಡಿ ವಿಚಾರಿಸುತ್ತಿರಿ, ಜನ ಕೈ ಬಿಡುವುದು ಹೆಚ್ಚಾಗಿ ಮೊದಲ ವಾರದಲ್ಲೇ.

ಪ್ರಶ್ನೆ: ಆಶ್ರಯದಿಂದ ಒಂದು ಗಂಡು ಬೆಕ್ಕು ತಂದಿದ್ದೇವೆ. ನಿನ್ನೆಯಿಂದ ಮತ್ತೆ ಮತ್ತೆ ಟ್ರೇಗೆ ಹೋಗಿ ಮುಕ್ಕರಿಸುತ್ತದೆ, ಕೂಗುತ್ತದೆ, ಹನಿ ಮಾತ್ರ ಬರುತ್ತದೆ. ಹೊಸ ಜಾಗ ಅಂತ ಹೀಗೆ ಮಾಡುತ್ತಿದೆಯಾ? — ಸಾಗರದ ಓದುಗರು

ಉತ್ತರ: ನಿಮಗೆ ಪತ್ರಿಕೆ ಅಚ್ಚಾಗುವ ಮೊದಲೇ ಉತ್ತರ ಕಳಿಸಿದ್ದೇನೆ, ಬೇರೆಯವರಿಗೂ ಗೊತ್ತಿರಲಿ ಅಂತ ಇಲ್ಲಿ ಹಾಕುತ್ತಿದ್ದೇನೆ. ಇದು ಮೂತ್ರ ಕಟ್ಟಿಕೊಂಡಿರುವ ಲಕ್ಷಣ. ಗಂಡು ಬೆಕ್ಕಿನ ಮೂತ್ರನಾಳ ತುಂಬಾ ಕಿರಿದು, ಗಾಬರಿಯಲ್ಲಿ ಮೂತ್ರಕೋಶ ಊದಿಕೊಂಡಾಗ ಅದು ಮುಚ್ಚಿಹೋಗಬಹುದು. ಒಂದೆರಡು ದಿನದಲ್ಲಿ ಸಾಯುತ್ತದೆ. ಬಾರ್ಲಿ ನೀರು, ಎಳನೀರು ಅಂತ ಮನೆಮದ್ದು ಮಾಡುತ್ತಾ ಕೂರಬೇಡಿ, ರಾತ್ರಿಯಾದರೂ ಸರಿ, ಡಾಕ್ಟರನ್ನು ಎಬ್ಬಿಸಿ.

ಪ್ರಶ್ನೆ: ಮನೆಯಲ್ಲಿ ಮೊದಲೇ ಒಂದು ವಯಸ್ಸಾದ ಬೆಕ್ಕಿದೆ. ಆಶ್ರಯದಿಂದ ಇನ್ನೊಂದು ತಂದರೆ ಜಗಳ ಆಡುತ್ತವಾ? — ಹೊಸನಗರದ ಓದುಗರು

ಉತ್ತರ: ಮೊದಲ ದಿನವೇ ಎದುರುಬದುರು ಬಿಟ್ಟರೆ ಖಂಡಿತ ಆಡುತ್ತವೆ. ಹೊಸದನ್ನು ಬೇರೆ ಕೋಣೆಯಲ್ಲಿಡಿ, ಒಂದರ ಬಟ್ಟೆ ಇನ್ನೊಂದಕ್ಕೆ ಹಾಸಿ, ಮುಚ್ಚಿದ ಬಾಗಿಲಿನ ಎರಡೂ ಕಡೆ ಒಂದೇ ಹೊತ್ತಿಗೆ ಊಟ ಹಾಕಿ. ಇಬ್ಬರೂ ಬಾಗಿಲ ಹತ್ತಿರ ನೆಮ್ಮದಿಯಾಗಿ ತಿನ್ನಲು ಶುರು ಮಾಡಿದ ಮೇಲೆ ಸ್ವಲ್ಪ ಸಂದಿ ತೆರೆದು ನೋಡಿ. ಗುರ್ ಅಂದರೆ ಪರವಾಗಿಲ್ಲ. ಮೈ ಮೇಲೆ ಹಾರಿದರೆ ಬಾಗಿಲು ಮುಚ್ಚಿ, ಒಂದು ವಾರ ಬಿಟ್ಟು ಮತ್ತೆ ಮೊದಲಿಂದ. ಟ್ರೇ ಮಾತ್ರ ಮೂರು ಇರಲಿ, ಬೇರೆ ಬೇರೆ ಜಾಗದಲ್ಲಿ.