ಫ್ಲಟರ್‌ನಲ್ಲಿ ಪ್ರತಿ ಪರದೆಗೂ ಮೂಲ ಲೇಔಟ್ ಯಾವುದಿರಬೇಕು?

ಆಂಡ್ರಾಯ್ಡ್‌ನ ಎಕ್ಸ್‌ಎಂಎಲ್ ಲೇಔಟ್‌ಗಳಲ್ಲಿ ಪಳಗಿರುವ ನೀವು ಈಗ ಗೂಗಲ್‌ನ ಆಪ್ ಕಟ್ಟುವ ಸಾಧನವಾದ ಫ್ಲಟರ್‌ನಲ್ಲಿ ಹದಿನೈದಿಪ್ಪತ್ತು ಪರದೆಗಳ ಆಪ್ ಕಟ್ಟಲು ಹೊರಟಿದ್ದೀರಿ. ಅಲ್ಲಿ ಕನ್‌ಸ್ಟ್ರೇಂಟ್ ಲೇಔಟ್ ಇದ್ದ ಜಾಗದಲ್ಲಿ ಇಲ್ಲಿ ಒಂದರ ಕೆಳಗೊಂದು ಜೋಡಿಸುವ ಕಾಲಮ್ ಇಡಬೇಕೆ, ಒಂದರ ಮೇಲೊಂದು ಪೇರಿಸುವ ಸ್ಟ್ಯಾಕ್ ಇಡಬೇಕೆ ಎಂಬುದು ನಿಮ್ಮ ಪ್ರಶ್ನೆ. ಎರಡನ್ನೂ ನೇರವಾಗಿ ಇಡಬೇಡಿ ಎಂಬುದು ನನ್ನ ಉತ್ತರ. ಪರದೆಯ ಚೌಕಟ್ಟಾದ ಸ್ಕ್ಯಾಫೋಲ್ಡ್‌ನ ಬಾಡಿಯಲ್ಲಿ, ಅಂದರೆ ಅದರ ಮುಖ್ಯ ಭಾಗದಲ್ಲಿ, ಮೊದಲು ಸ್ಕ್ರಾಲ್ ಆಗುವ ವಿಜೆಟ್ (ಪರದೆ ಕಟ್ಟುವ ತುಣುಕು) ಒಂದನ್ನು ಇಡಿ, ಕಾಲಮ್ ಅದರೊಳಗೆ ಬರಲಿ.

ಆಂಡ್ರಾಯ್ಡ್ ಸ್ಟುಡಿಯೋ 2017ರಲ್ಲಿ ರಿಲೇಟಿವ್ ಲೇಔಟ್‌ ಬಿಟ್ಟು ಕನ್‌ಸ್ಟ್ರೇಂಟ್ ಲೇಔಟನ್ನು ತನ್ನ ಮಾದರಿಗಳಿಗೆ ತಂದುಕೊಂಡದ್ದಕ್ಕೆ, ಒಂದರೊಳಗೊಂದು ಸೇರಿಸಿದ ಲೇಔಟ್‌ಗಳು ಮತ್ತೆ ಮತ್ತೆ ಅಳತೆಗೆ ಒಳಗಾಗಿ ಪರದೆ ನಿಧಾನವಾಗುತ್ತಿದ್ದುದು ಒಂದು ಮುಖ್ಯ ಕಾರಣ. ಫ್ಲಟರ್‌ನಲ್ಲಿ ಆ ಭಯವಿಲ್ಲ. ತಂದೆ ವಿಜೆಟ್ ಮಕ್ಕಳಿಗೆ ಇಷ್ಟರೊಳಗೆ ಇರಿ ಎಂದು ಮಿತಿ ಹೇಳುತ್ತದೆ, ಮಕ್ಕಳು ತಮ್ಮ ಗಾತ್ರ ತಿಳಿಸುತ್ತವೆ, ಅವುಗಳನ್ನು ಎಲ್ಲಿ ಕೂರಿಸಬೇಕೆಂದು ತಂದೆಯೇ ತೀರ್ಮಾನಿಸುತ್ತದೆ. ಸಾಮಾನ್ಯವಾಗಿ ಇದೆಲ್ಲ ಒಂದೇ ಸುತ್ತಿನಲ್ಲಿ ಮುಗಿಯುತ್ತದೆ. ಆದ್ದರಿಂದ ಹತ್ತು ಪದರ ಒಳಗೆ ಹೋದರೂ ಸಂಕೋಚ ಬೇಡ. ಇಲ್ಲಿನ ತೊಂದರೆ ವೇಗದ್ದಲ್ಲ, ಜಾಗದ್ದು.

ಹೊಸ ಪ್ರಾಜೆಕ್ಟ್ ಸೃಷ್ಟಿಸಿದಾಗ ಸಿಗುವ ಎಣಿಕೆಯ ಮಾದರಿ ಆಪ್‌ನಲ್ಲಿ ಸ್ಕ್ಯಾಫೋಲ್ಡ್, ಅದರೊಳಗೆ ಸೆಂಟರ್, ಅದರೊಳಗೆ ಕಾಲಮ್ ಇರುತ್ತದೆ. ಬಹುತೇಕರು ಅದನ್ನೇ ನಕಲು ಮಾಡಿಕೊಂಡು ಮುಂದುವರಿಯುತ್ತಾರೆ. ನಾನೂ ಹಾಗೆಯೇ ಮಾಡಿದವನು. ಹಾಲು ಉತ್ಪಾದಕರ ಸಂಘವೊಂದಕ್ಕೆ ಬರೆದ ಆಪ್‌ನಲ್ಲಿ ಸದಸ್ಯರ ಸಂಖ್ಯೆ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ಎಂದು ನಾಲ್ಕು ಖಾನೆಗಳು, ಕೆಳಗೆ ‘ಉಳಿಸಿ’ ಎಂಬ ಬಟನ್ ಇದ್ದ ಪರದೆ ನನ್ನ ಫೋನಿನಲ್ಲಿ ಅಚ್ಚುಕಟ್ಟಾಗಿ ಕೂತಿತ್ತು. ಸಂಘದ ಕಾರ್ಯದರ್ಶಿಗಳು ತಮ್ಮ ಫೋನಿನ ಅಕ್ಷರಗಳನ್ನು ದೊಡ್ಡದು ಮಾಡಿಕೊಂಡಿದ್ದರು. ಅವರು ಎಸ್‌ಎನ್‌ಎಫ್ ಖಾನೆ ಮುಟ್ಟಿದೊಡನೆ ಕೀಬೋರ್ಡ್ ಮೇಲೆದ್ದು, ‘ಉಳಿಸಿ’ ಅದರ ಹಿಂದೆ ಸೇರಿಕೊಂಡಿತು. ಬೆಳಿಗ್ಗೆ ಕ್ಯಾನು ಹಿಡಿದ ಸರದಿ ಬಾಗಿಲಾಚೆಗೂ ಬೆಳೆದಿರುವಾಗ ‘ಬಟನ್ ಎಲ್ಲಿ ಸ್ವಾಮಿ’ ಎಂದು ಅವರು ಫೋನ್ ಮಾಡಿದರು. ಜಾಗ ಸಾಲದಿದ್ದಾಗ ಬರುವ ಹಳದಿ-ಕಪ್ಪು ಪಟ್ಟೆ ನಾವು ಪರೀಕ್ಷಿಸುವ ಡೀಬಗ್ ಆವೃತ್ತಿಯಲ್ಲಿ ಮಾತ್ರ ಕಾಣುತ್ತದೆ. ಬಳಕೆದಾರರ ಕೈಗೆ ಹೋಗುವ ಆವೃತ್ತಿಯಲ್ಲಿ ಆ ಸೂಚನೆಯೂ ಇರುವುದಿಲ್ಲ. ಕೀಬೋರ್ಡ್ ಬಂದಾಗ ಬಾಡಿಯನ್ನು ಕುಗ್ಗಿಸುವ ಕೆಲಸವನ್ನು ಸ್ಕ್ಯಾಫೋಲ್ಡ್ ತಾನಾಗಿಯೇ ಮಾಡುತ್ತದೆ, ಆದರೆ ಕುಗ್ಗಿದ ಜಾಗದಲ್ಲಿ ಸರಿಯಲು ಕಾಲಮ್‌ಗೆ ಬರುವುದಿಲ್ಲ.

ಸಿಂಗಲ್ ಚೈಲ್ಡ್ ಸ್ಕ್ರಾಲ್ ವ್ಯೂ ಒಳಗೆ ಕಾಲಮ್ ಇಟ್ಟ ಕೂಡಲೇ ಇದು ಸರಿಹೋಯಿತು, ಆದರೆ ಇನ್ನೊಂದು ಗಂಟು ಬಿತ್ತು. ದೊಡ್ಡ ಪರದೆಯಲ್ಲಿ ಬಟನ್ ತಳಕ್ಕೆ ಅಂಟಿಕೊಂಡಿರಲಿ ಎಂದು ನಡುವೆ ಉಳಿದ ಜಾಗವನ್ನೆಲ್ಲ ತುಂಬುವ ಸ್ಪೇಸರ್ ಅಥವಾ ಎಕ್ಸ್‌ಪ್ಯಾಂಡೆಡ್ ಹಾಕಿದರೆ ಎರರ್ ಬರುತ್ತದೆ, ಏಕೆಂದರೆ ಸ್ಕ್ರಾಲ್ ಒಳಗಿನ ಕಾಲಮ್‌ಗೆ ಎತ್ತರದ ಮಿತಿಯೇ ಇಲ್ಲ, ಮಿತಿಯಿಲ್ಲದ ಜಾಗದಲ್ಲಿ ‘ಉಳಿದದ್ದೆಲ್ಲ ನನಗೆ’ ಎನ್ನುವುದಕ್ಕೆ ಅರ್ಥವೂ ಇಲ್ಲ. ಇದಕ್ಕೆ ಕಸ್ಟಮ್ ಸ್ಕ್ರಾಲ್ ವ್ಯೂ ಬಳಸಿ, ಅದರಲ್ಲಿ ಸ್ಲಿವರ್ ಫಿಲ್ ರಿಮೇನಿಂಗ್ ಇಟ್ಟು, ಅದರ ಹ್ಯಾಸ್ ಸ್ಕ್ರಾಲ್ ಬಾಡಿ ಎಂಬುದನ್ನು ಫಾಲ್ಸ್ ಮಾಡಿ, ಕಾಲಮ್ ಅನ್ನು ಅದರೊಳಗೆ ಇಡಿ. ಜಾಗ ಇದ್ದರೆ ಕಾಲಮ್ ಪರದೆಯನ್ನು ತುಂಬುತ್ತದೆ, ಸ್ಪೇಸರ್ ಬಟನ್ ಅನ್ನು ಕೆಳಕ್ಕೆ ತಳ್ಳುತ್ತದೆ. ಜಾಗ ಸಾಲದಿದ್ದರೆ ಇಡೀ ಪರದೆ ಸ್ಕ್ರಾಲ್ ಆಗುತ್ತದೆ. ನಾನು ಇದನ್ನೇ ಒಂದು ಪ್ರತ್ಯೇಕ ವಿಜೆಟ್ ಮಾಡಿಟ್ಟುಕೊಂಡು, ಸ್ಟೇಟಸ್ ಬಾರ್, ನಾಚ್‌ಗಳ ಜಾಗ ಬಿಡಿಸುವ ಸೇಫ್ ಏರಿಯಾವನ್ನೂ ಬದಿಗಳ 16 ಅಳತೆಯ ಪ್ಯಾಡಿಂಗ್ (ಒಳಅಂಚಿನ ಖಾಲಿ ಜಾಗ) ಅನ್ನೂ ಅದರಲ್ಲೇ ಸೇರಿಸಿ, ಫಾರ್ಮ್ ಇರುವ ಎಲ್ಲ ಪರದೆಗಳಿಗೂ ಬಳಸುತ್ತೇನೆ. ಕಾಲಮ್ ತನ್ನ ಮಕ್ಕಳನ್ನು ಅಡ್ಡಲಾಗಿ ನಡುವೆ ನಿಲ್ಲಿಸುವುದು ಅದರ ಸಹಜ ನಡವಳಿಕೆ. ಫಾರ್ಮ್‌ಗೆ ಅದನ್ನು ಅಗಲ ಪೂರ್ತಿ ಹಿಗ್ಗಿಸುವ ಸ್ಟ್ರೆಚ್‌ಗೆ ಬದಲಾಯಿಸಿಕೊಳ್ಳಿ.

ಪಟ್ಟಿ ತೋರಿಸುವ ಪರದೆಗಳಿಗೆ ಇದು ಬೇಡ. ಅಲ್ಲಿ ಲಿಸ್ಟ್ ವ್ಯೂ ಬಿಲ್ಡರ್ ನೇರವಾಗಿ ಬಾಡಿಯಲ್ಲೇ ಇರಲಿ. ಅದು ಕಣ್ಣಿಗೆ ಬೀಳುವ ಸಾಲುಗಳನ್ನೂ ಅವುಗಳ ಆಸುಪಾಸಿನವನ್ನೂ ಮಾತ್ರ ಕಟ್ಟುತ್ತದೆ, ಕಾಲಮ್ ಆದರೆ ಸಾವಿರ ಸಾಲನ್ನೂ ಒಮ್ಮೆಗೇ ಕಟ್ಟಲು ಕೂರುತ್ತದೆ. ಸ್ಟ್ಯಾಕ್ ಒಂದರ ಮೇಲೊಂದು ಬರಬೇಕಾದಾಗ ಮಾತ್ರ: ಚಿತ್ರದ ಮೇಲೆ ಬರಹ, ನಕ್ಷೆಯ ಮೇಲೆ ಹುಡುಕುವ ಪೆಟ್ಟಿಗೆ. ಇಡೀ ಪರದೆಯನ್ನು ಸ್ಟ್ಯಾಕ್ ಮತ್ತು ಜಾಗವನ್ನು ಅಂಕಿಗಳಲ್ಲಿ ಹೇಳುವ ಪೊಸಿಷನ್ಡ್‌ನಲ್ಲಿ ಕಟ್ಟಿದವರ ಕೋಡ್ ಅನ್ನು ಒಮ್ಮೆ ತಿದ್ದಬೇಕಾಗಿ ಬಂದಿತ್ತು. ಪ್ರತಿ ಫೋನಿಗೂ ಒಂದೊಂದು ಲೆಕ್ಕ ಹಾಕುತ್ತಾ ಕುಳಿತದ್ದು ಇನ್ನೂ ನೆನಪಿದೆ.

ನಿಮ್ಮ ಆಪ್ ಕನ್ನಡದಲ್ಲಿರುವುದಾದರೆ ಇನ್ನೊಂದು ವಿಷಯವಿದೆ. ಬರಹ ಇರುವ ಯಾವ ಪೆಟ್ಟಿಗೆಗೂ ಸ್ಥಿರ ಎತ್ತರ ಕೊಡಬೇಡಿ. ಇಂಗ್ಲಿಷಿನ ‘ಟೋಟಲ್’ ಗೆರೆಯ ಮೇಲೇ ನಿಲ್ಲುತ್ತದೆ, ‘ಒಟ್ಟು ಮೊತ್ತ’ದ ಒತ್ತಕ್ಷರಗಳು ಗೆರೆಯಿಂದ ಕೆಳಗಿಳಿಯುತ್ತವೆ. ಇಂಗ್ಲಿಷ್ ನೋಡಿಕೊಂಡು ಬಿಗಿಯಾಗಿ ಎತ್ತರ ಕೊಟ್ಟಿದ್ದ ಒಂದು ಸೈಜ್ಡ್ ಬಾಕ್ಸ್‌ನಲ್ಲಿ (ಸ್ಥಿರ ಗಾತ್ರದ ಪೆಟ್ಟಿಗೆಯಲ್ಲಿ) ಆ ಎರಡು ಒತ್ತುಗಳ ಕೆಳಭಾಗ ಕತ್ತರಿಸಿಹೋಗಿತ್ತು. ಎತ್ತರದ ಬದಲು ಪ್ಯಾಡಿಂಗ್ ಕೊಟ್ಟರೆ ಅಕ್ಷರ ಎಷ್ಟೇ ಬೆಳೆದರೂ ಪೆಟ್ಟಿಗೆ ಜೊತೆಗೇ ಬೆಳೆಯುತ್ತದೆ. ಆಂಡ್ರಾಯ್ಡ್ 14ರಿಂದ ಅಕ್ಷರಗಳನ್ನು 200 ಪ್ರತಿಶತದವರೆಗೆ ಹಿಗ್ಗಿಸಬಹುದಾಗಿದೆ. ಪರದೆ ಸಿದ್ಧವಾಯಿತು ಎನ್ನುವ ಮೊದಲು ಆ ಗಾತ್ರ ಇಟ್ಟು, ಇರುವುದರಲ್ಲೇ ಸಣ್ಣ ಫೋನಿನಲ್ಲಿ, ಕೀಬೋರ್ಡ್ ತೆರೆದು ಕೊನೆಯ ಖಾನೆಯನ್ನು ಮುಟ್ಟಿ ನೋಡಿ.